ಎಕ್ಸ್‌ರೇಯಲ್ಲಿ ಕಪ್ಪು ಯಾಕೆ, ಬಿಳಿ ಯಾಕೆ?

ಕೇಳುಗರಿಗೆ ನಮಸ್ಕಾರ. ನಿಮ್ಮಲ್ಲಿ ಸುಮಾರು ಜನರ ಮನೆಯಲ್ಲಿ ಬೀರುವಿನ ಮೇಲೋ, ಹಾಸಿಗೆ ಅಡಿಯಲ್ಲೋ ಒಂದು ದೊಡ್ಡ ಎಕ್ಸ್‌ರೇ ಕವರ್ ಇರುತ್ತದೆ. ಸಾಧ್ಯವಾದರೆ ಈಗಲೇ ತೆಗೆಯಿರಿ. ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿಯಿರಿ. ಎದೆಯದ್ದಾದರೆ ಇನ್ನೂ ಒಳ್ಳೆಯದು.

ಇದು ಫೋಟೋ ಅಲ್ಲ, ನೆರಳು. ತೊಗಲುಗೊಂಬೆ ಆಟದ ಪರದೆ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಒಂದು ಕಡೆಯಿಂದ ಕಿರಣ ಬರುತ್ತದೆ, ಮಧ್ಯೆ ಮನುಷ್ಯ, ಆಚೆ ಕಡೆ ಫಲಕ. ಕಿರಣ ಸಲೀಸಾಗಿ ದಾಟಿದ ಜಾಗ ಕಪ್ಪು, ತಡೆದ ಜಾಗ ಬಿಳಿ. ಶ್ವಾಸಕೋಶದ ತುಂಬ ಗಾಳಿ, ಅದಕ್ಕೇ ಕಪ್ಪು. ಮಾಂಸ, ರಕ್ತ, ನೀರು ಎಲ್ಲ ಹೆಚ್ಚುಕಡಿಮೆ ಒಂದೇ ಬೂದು. ಮೂಳೆಯಲ್ಲಿ ಕ್ಯಾಲ್ಸಿಯಂ ಇದೆ, ಬಿಳಿ. ಲೋಹ ಎಲ್ಲಕ್ಕಿಂತ ಬಿಳಿ.

1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಜ್ಞಾನಿ ರಾಂಟ್ಜನ್ ಈ ಕಿರಣವನ್ನು ಕಂಡುಹಿಡಿದರು. ಮುಂದಿನ ತಿಂಗಳೇ ಹೆಂಡತಿಯ ಕೈಯ ಚಿತ್ರ ತೆಗೆದರು. ಅದರಲ್ಲಿ ಮೂಳೆಗಿಂತ ಎದ್ದು ಕಾಣುವುದು ಆಕೆಯ ಉಂಗುರ! ದಾವಣಗೆರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುವ ನಮಗೆ ಇವತ್ತಿಗೂ ಅದೇ ಕತೆ. ಸರ, ತಾಯಿತ, ಸೇಫ್ಟಿ ಪಿನ್ ಎಲ್ಲ ಬಿಚ್ಚಿಡಿ ಅನ್ನಬೇಕು. ಹಿರಿಯರ ಎದೆಯ ಮೇಲೆ ಲಿಂಗದ ಕರಡಿಗೆ ಇರುತ್ತದೆ. ಶಿವದಾರ ಫಿಲ್ಮಿನಲ್ಲಿ ಕಾಣುವುದಿಲ್ಲ, ಆದರೆ ಬೆಳ್ಳಿ ಕರಡಿಗೆ ಸರಿಯಾಗಿ ಎದೆ ನಡುವೆ ಬಿಳಿ ಉಂಡೆಯಾಗಿ ಕೂರುತ್ತದೆ. ತೆಗೆಯಿರಿ ಅನ್ನೋಕೆ ನಮಗೂ ಮನಸ್ಸು ಬರೋದಿಲ್ಲ. "ಅಜ್ಜಾರೇ, ಕೈಯಾಗೆ ಹಿಡ್ಕೊಳ್ರಿ" ಅಂತೀವಿ.

ಈಗ ಫಿಲ್ಮ್ ನೋಡಿ. ಮನುಷ್ಯ ನಿಮಗೆ ಎದುರಾಗಿ ನಿಂತ ಹಾಗೆ ಹಿಡಿಯಬೇಕು. ಆಗ ಹೃದಯ ನಿಮ್ಮ ಬಲಗೈ ಕಡೆಗೆ ಬರುತ್ತದೆ. ದೊಡ್ಡವರಲ್ಲಿ ಅದರ ಅಗಲ ಎದೆಗೂಡಿನ ಅರ್ಧಕ್ಕಿಂತ ಕಡಿಮೆ ಇರಬೇಕು. ಕೆಳಗೆ ಎರಡು ಗುಮ್ಮಟ ಕಾಣುತ್ತವೆ, ಅದು ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಮಾಂಸದ ಪರದೆ. ಆ ಮನುಷ್ಯನ ಬಲಗಡೆಯ, ಅಂದರೆ ನಿಮ್ಮ ಎಡಗೈ ಕಡೆಯ ಗುಮ್ಮಟ ಸಾಮಾನ್ಯವಾಗಿ ಸ್ವಲ್ಪ ಮೇಲಿರುತ್ತದೆ, ಅದರ ಕೆಳಗೇ ಲಿವರ್. ಎಡ ಗುಮ್ಮಟದ ಕೆಳಗೆ ಒಂದು ಕಪ್ಪು ಗುಳ್ಳೆ ಕಂಡರೆ ಗಾಬರಿ ಬೇಡ. ಹೊಟ್ಟೆಯ ಗ್ಯಾಸ್ ಅಷ್ಟೇ.

"ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಅಂತ ನಾವು ಕೂಗುವುದು ಸುಮ್ನೆ ಅಲ್ಲ. ಉಸಿರು ಎಳೆದಾಗ ವಪೆ ಕೆಳಗಿಳಿಯುತ್ತದೆ, ಶ್ವಾಸಕೋಶ ಪೂರ್ತಿ ಅರಳುತ್ತದೆ. ಅರ್ಧ ಉಸಿರಿನಲ್ಲಿ ತೆಗೆದರೆ ಹೃದಯ ದಪ್ಪ ಕಾಣುತ್ತದೆ, ಶ್ವಾಸಕೋಶದ ಬುಡ ಮಸುಕಾಗುತ್ತದೆ. ಇಲ್ಲದ ಕಾಯಿಲೆ ಇದ್ದಂತೆ ಕಾಣುತ್ತದೆ. ಎದೆಯನ್ನು ಫಲಕಕ್ಕೆ ಒತ್ತಿ ನಿಲ್ಲಿಸುವುದೂ ಅದಕ್ಕೇ. ಹೃದಯ ಫಲಕಕ್ಕೆ ಹತ್ತಿರ ಇದ್ದಷ್ಟೂ ನೆರಳು ಹಿಗ್ಗುವುದಿಲ್ಲ. ನೆರಳು ಒಂದರ ಮೇಲೊಂದು ಬೀಳುವುದರಿಂದ ಕೈಕಾಲು ಮುರಿದಾಗ ನೇರಕ್ಕೊಂದು, ಪಕ್ಕದಿಂದೊಂದು ತೆಗೆಯುತ್ತೇವೆ. ದುಡ್ಡು ಜಾಸ್ತಿ ಮಾಡೋಕೆ ಅಲ್ಲ!

ಎಲ್ಲರ ಕಣ್ಣೂ ಬಿಳಿ ಮೂಳೆ ಮೇಲೇ ಹೋಗುತ್ತದೆ. ನನ್ನ ಕೇಳಿದರೆ, ಖಾಲಿ ಕಾಣುವ ಜಾಗದಲ್ಲೇ ವಿಷಯ ಜಾಸ್ತಿ. ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಆಗ ತಾನೇ ಹುಟ್ಟಿದ ಮಗುವಿನ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಅವುಗಳಲ್ಲಿ ಒಂದೂ ಕಾಣುವುದಿಲ್ಲ. ಇಲ್ಲ ಅಂತಲ್ಲ, ಇನ್ನೂ ಮೃದುವಾಗಿವೆ, ಕ್ಯಾಲ್ಸಿಯಂ ತುಂಬಿಲ್ಲ. ವರ್ಷ ಕಳೆದಂತೆ ಒಂದೊಂದಾಗಿ ಮೂಡುತ್ತವೆ. ಸ್ಕೂಲಿಗೆ ಹೋಗುವ ಮಕ್ಕಳ ಮೂಳೆಯ ತುದಿ ಹತ್ತಿರ ಒಂದು ಕಪ್ಪು ಗೆರೆ ಇರುತ್ತದೆ. ಅದನ್ನು ನೋಡಿ "ಮುರಿದೇ ಹೋಗಿದೆ" ಅಂತ ಅತ್ತ ತಾಯಂದಿರಿದ್ದಾರೆ. ಅದು ಮೂಳೆ ಉದ್ದ ಬೆಳೆಯುವ ಜಾಗ. ಬೆಳವಣಿಗೆ ಮುಗಿದ ಮೇಲೆ ಮುಚ್ಚಿಕೊಳ್ಳುತ್ತದೆ.

ದೊಡ್ಡವರಲ್ಲಿ ಇನ್ನೊಂದು ಮಾತು ಕೇಳಿಬರುತ್ತದೆ: "ಬೆನ್ನು ಮೂಳೆಯಲ್ಲಿ ಗ್ಯಾಪ್ ಬಂದಿದೆಯಂತೆ." ಗ್ಯಾಪ್ ಇರಲೇಬೇಕು. ಅಲ್ಲಿ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ ಇದೆ. ಮೊಣಕಾಲಲ್ಲಿ ಮೃದು ಮೂಳೆ ಇದೆ. ಅವು ಎಕ್ಸ್‌ರೇಗೆ ಕಾಣುವುದಿಲ್ಲ, ಅದಕ್ಕೆ ಖಾಲಿ ಅನಿಸುತ್ತದೆ. ಆ ಜಾಗ ಕಿರಿದಾದರೆ ಸವೆದಿದೆ ಅಂತ ಲೆಕ್ಕ.

ಕಿರಣದ ಭಯವೇ? ಒಂದು ಎದೆ ಎಕ್ಸ್‌ರೇಯಲ್ಲಿ ಸಿಗುವುದು, ನೆಲ ಮತ್ತು ಆಕಾಶದಿಂದ ನಮಗೆ ಕೆಲವು ದಿನಗಳಲ್ಲಿ ತಾನಾಗೇ ಸಿಗುವಷ್ಟು. ಗರ್ಭಿಣಿಯರು ಮಾತ್ರ ಮೊದಲೇ ಹೇಳಬೇಕು. ಅನುಮಾನ ಇದ್ದರೂ ಹೇಳಿ.

ಕೊನೆಗೆ ನಮ್ಮ ಕಡೆಯದೇ ವಿಷಯ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳಿವೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಗಟ್ಟಲೆ ಅಂಥ ನೀರು ಕುಡಿದವರ ಬೆನ್ನು, ಸೊಂಟದ ಮೂಳೆ ಫಿಲ್ಮಿನಲ್ಲಿ ಅತಿಯಾಗಿ ಬಿಳಿ ಕಾಣಬಹುದು. ಗಟ್ಟಿ ಮೂಳೆ ಅಂತ ಖುಷಿಪಡುವ ಹಾಗಿಲ್ಲ. ಬೆನ್ನು ಬಗ್ಗುವುದಿಲ್ಲ, ಕೀಲು ಬಿಗಿಯುತ್ತವೆ. "ವಯಸ್ಸಾಯ್ತಲ್ಲ" ಅಂತ ಸುಮ್ಮನಾಗುತ್ತಾರೆ. ಮುಂಗೈಯಲ್ಲಿ ಎರಡು ಮೂಳೆ, ಮಧ್ಯೆ ತೆಳ್ಳನೆಯ ಒಂದು ಪೊರೆ. ಆರೋಗ್ಯವಂತರಲ್ಲಿ ಆ ಪೊರೆ ಕಾಣುವುದೇ ಇಲ್ಲ. ಫ್ಲೋರೋಸಿಸ್, ಅಂದರೆ ಫ್ಲೋರೈಡ್‌ನಿಂದ ಬರುವ ಈ ಕಾಯಿಲೆ ಆದವರಲ್ಲಿ ಅದಕ್ಕೂ ಕ್ಯಾಲ್ಸಿಯಂ ಕಟ್ಟಿ, ಮೂಳೆಯ ಅಂಚು ಒರಟಾಗಿ ಬೆಳ್ಳಗೆ ಕಾಣುತ್ತದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಜಾಸ್ತಿಯೇ ಆಗುತ್ತದೆ. ಡಾಕ್ಟರ ಹತ್ತಿರ ಹೋದಾಗ ಯಾವ ನೀರು ಕುಡಿಯುತ್ತೀರಿ ಅನ್ನುವುದನ್ನೂ ಹೇಳಿ. ಸೊಂಟ ನೋವು ಅಂತ ಹೋದರೆ ಅವರು ಮುಂಗೈಗೂ ಒಂದು ಎಕ್ಸ್‌ರೇ ಬರೆದುಕೊಟ್ಟರೆ, ಕೈಗೆ ಯಾಕೆ ಅಂತ ನಮ್ಮ ಮೇಲೆ ರೇಗಬೇಡಿ.

ನಮಸ್ಕಾರ.