'ಹೇಳಿಬಿಡ್ತೀನಿ' ಅನ್ನುವುದೂ ಏಟೇ

ತುಮಕೂರು ಜಿಲ್ಲೆಯ ಕೇಳುಗರಿಗೆಲ್ಲ ನಮಸ್ಕಾರ. ನಾನು ಎಚ್‌ಐವಿ ಇರುವವರ ಜೊತೆ ಕೂತು ಮಾತಾಡುವ ಆಪ್ತಸಮಾಲೋಚಕ. ಇದು ಮನೇಲಿ ಎಲ್ಲರೆದುರು ಕೇಳುವ ವಿಷಯ ಅಲ್ಲ ಅಂತ ರೇಡಿಯೊ ಆಫ್ ಮಾಡಬೇಡಿ. ಆದರೂ ನನ್ನ ಮಾತು ಮುಖ್ಯವಾಗಿ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬನೇ ಕೇಳುತ್ತಿರುವ ಹುಡುಗನಿಗೆ. ಗಂಡಸನ್ನೇ ಪ್ರೀತಿಸುವ, ಎಚ್‌ಐವಿ ಇರುವ, ಜೊತೆಗಾರನಿಂದ ಏಟು ತಿನ್ನುವ ಹುಡುಗನಿಗೆ. ಒಂದೇ ಮಾತು ಕಣಪ್ಪ: 'ಎಲ್ಲರಿಗೂ ಹೇಳಿಬಿಡ್ತೀನಿ' ಅಂತ ಅವನು ಹೆದರಿಸುವುದೂ ಏಟೇ.

ಒಬ್ಬನ ವಿಷಯ ಹೇಳುತ್ತೇನೆ, ಅವನ ಒಪ್ಪಿಗೆ ಕೇಳಿಯೇ. ತಿಪಟೂರು ಕಡೆಯವನು, ತುಮಕೂರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಗೆಳೆಯನ ಜೊತೆ ಒಂದು ರೂಮು. ಓನರ್‌ಗೆ ಅಣ್ಣ ತಮ್ಮ ಅಂತ ಹೇಳಿದ್ದರು. ಮಾತ್ರೆ ಡಬ್ಬಿಯ ಲೇಬಲ್ಲನ್ನು ಉಗುರಲ್ಲಿ ಕೆರೆದು ತೆಗೆದಿದ್ದ, ಅಲ್ಲಾಡಿದರೆ ಸದ್ದು ಬರುತ್ತೆ ಅಂತ ಒಳಗೆ ಹತ್ತಿ ತುರುಕಿದ್ದ. ಒಂದು ಸಲ ಮಾತ್ರೆಗೆ ಒಂಬತ್ತು ದಿನ ತಡವಾಗಿ ಬಂದ. ಏಪ್ರಿಲ್ ಬಿಸಿಲಲ್ಲಿ ತುಂಬುತೋಳಿನ ಶರ್ಟು, ಗುಂಡಿ ಮಣಿಕಟ್ಟಿನ ತನಕ. ಯಾಕಪ್ಪಾ ಅಂದರೆ ಸುಮ್ನೆ ಕೂತ. ಆಮೇಲೆ ಮೊಬೈಲ್ ತೆಗೆದು ನನ್ನ ಮುಂದೆ ಇಟ್ಟ. ಗೆಳೆಯ ಕಳಿಸಿದ ಮೆಸೇಜು. ಇವನ ಎಆರ್‌ಟಿ ಪುಸ್ತಕದ, ಅಂದರೆ ಎಚ್‌ಐವಿ ಚಿಕಿತ್ಸೆಯ ಪುಸ್ತಕದ ಫೋಟೊ, ಅದರ ಕೆಳಗೆ ಇವನ ಅಮ್ಮನ ನಂಬರು. ಒಂದಕ್ಷರ ಜಾಸ್ತಿ ಇಲ್ಲ. ಇವನ ಮಾತ್ರೆಗಳನ್ನು ಆ ಗೆಳೆಯ ಆಗಲೇ ಬಚ್ಚಲಿಗೆ ಸುರಿದಿದ್ದ.

'ಹೊಡೆದಿದ್ದು ತಡಕೊಂಡೆ ಸಾರ್, ಇದನ್ನ ನೋಡಿ ಕೈಕಾಲು ತಣ್ಣಗಾಯ್ತು' ಅಂದ. ಮತ್ತೆ ಯಾಕೆ ಅಲ್ಲೇ ಇದ್ದೀಯ ಅಂದರೆ, 'ಈ ಕಾಯಿಲೆ ಇರೋನಿಗೆ ಇನ್ಯಾರು ಸಿಗ್ತಾರೆ?'

ನೋಡಿ, ನನಗೆ ಸಿಟ್ಟು ಬರುವುದು ಇಲ್ಲೇ. ಅವನ ಬಾಯಲ್ಲಿ ಆ ಮಾತು ಇಟ್ಟವರು ನಾವು, ಊರವರು. ದಿನಾ ಮಾತ್ರೆ ನುಂಗಿ, ರಕ್ತದಲ್ಲಿ ವೈರಸ್ಸು ಟೆಸ್ಟಿಗೆ ಸಿಗದಷ್ಟು ಇಳಿದು ಹಾಗೇ ಉಳಿದರೆ, ಸಂಭೋಗದಿಂದ ಇನ್ನೊಬ್ಬರಿಗೆ ಎಚ್‌ಐವಿ ಹರಡುವುದಿಲ್ಲ. ಯುರೋಪಿನಲ್ಲಿ 782 ಗಂಡು ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದರು, ಕಾಂಡೋಮ್ ಇಲ್ಲದೆ ಕೂಡುತ್ತಿದ್ದವರು. ಮಾತ್ರೆ ತಗೊಳ್ಳುತ್ತಿದ್ದ ಜೊತೆಗಾರನಿಂದ ಒಬ್ಬನಿಗೂ ಹರಡಲಿಲ್ಲ. 2019ರಲ್ಲಿ ಪ್ರಕಟವಾಯಿತು. ಇನ್ನೂ ತಟ್ಟೆ ಲೋಟ ಬೇರೆ ಇಡುವವರಿದ್ದಾರಲ್ಲ, ದಯವಿಟ್ಟು ಸಾಕು ಮಾಡಿ.

ಆ ಹುಡುಗ ಕೊನೆಗೆ ಅಕ್ಕನಿಗೆ ತಾನೇ ಹೇಳಿದ. ಅವಳು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ರೂಮಿಗೆ ಬಂದು ಅವನ ಬಟ್ಟೆ ಬ್ಯಾಗು ಎತ್ತಿಕೊಂಡು ಮುಂದೆ ನಡೆದಳು. ನೀನೂ ಮನೇಲಿ ಹೇಳು ಅಂತ ನಾನು ಅನ್ನುತ್ತಿಲ್ಲ, ಅದು ನಿನ್ನಿಷ್ಟ.

ಟೈಮ್ ಆಗ್ತಾ ಬಂತು, ಬೇಗ ಹೇಳುತ್ತೇನೆ. ಗಂಡಸರಿಬ್ಬರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. ನಂಬಿ ಹೇಳಿದ ಎಚ್‌ಐವಿ ವಿಷಯವನ್ನು ಒಪ್ಪಿಗೆ ಇಲ್ಲದೆ ಹೊರಗೆ ಹಾಕುವುದು 2017ರ ಎಚ್‌ಐವಿ ಕಾಯ್ದೆ ಪ್ರಕಾರ ತಪ್ಪು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೆಂಗಸರಿಗೆ ಮಾತ್ರ, ನಿಜ. ಆದರೆ ಹೊಡೆಯುವುದು, ಬೆದರಿಸುವುದು ಯಾರಿಗೆ ಮಾಡಿದರೂ ಅಪರಾಧ ಅಲ್ವಾ? ಅವನು ಕೈ ಎತ್ತದೆ ಬರೀ 'ಹೇಳಿಬಿಡ್ತೀನಿ' ಅಂದರೂ ಅದು ಏಟೇ.

ಮಾತ್ರೆ ಚೆಲ್ಲಿಹೋಗಿದ್ದರೆ ಬೈತಾರೆ ಅಂತ ಮನೇಲಿ ಕೂರಬೇಡ, ನಾಳೆ ಬೆಳಿಗ್ಗೆಯೇ ಎಆರ್‌ಟಿ ಕೇಂದ್ರಕ್ಕೆ ಬಾ. ದುಡ್ಡು ಕೊಡಬೇಕಿಲ್ಲ. ಅಷ್ಟರೊಳಗೆ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡು.