ಸಿಯರ್ಸ್ ದುಡಿದ ಹಣ ಎಲ್ಲಿಗೆ ಹೋಯಿತು?

ಕೇಳುಗರಿಗೆ ನಮಸ್ಕಾರ. ದೇಶದುದ್ದಕ್ಕೂ ಅಂಗಡಿಗಳಿದ್ದ ಅಮೆರಿಕದ ಸಿಯರ್ಸ್ ಕಂಪನಿಯನ್ನು ಆನ್‌ಲೈನ್ ವ್ಯಾಪಾರ ಮುಳುಗಿಸಿತು ಎಂಬ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಕುಳಿತಲ್ಲಿಗೇ ಸರಕು ತರಿಸಿಕೊಳ್ಳುವುದನ್ನು ಅಮೆರಿಕದ ಹಳ್ಳಿಗಳಿಗೆ ರೂಢಿ ಮಾಡಿಸಿದ್ದೇ ಸಿಯರ್ಸ್‌ನಂಥವರು! ಅದರ ಕ್ಯಾಟಲಾಗ್ ನೋಡಿ ರೈತರು ಹೊಲಿಗೆ ಯಂತ್ರ ತರಿಸಿದರು. 1908ರಿಂದ 1940ರವರೆಗೆ ಇಡೀ ಮನೆಯನ್ನೇ ತರಿಸಿದರು. ಅಳತೆಗೆ ಕೊಯ್ದ ಮರ, ಮೊಳೆ, ಬಾಗಿಲು, ನಕ್ಷೆ, ಎಲ್ಲವೂ ರೈಲಿನಲ್ಲಿ ಬರುತ್ತಿತ್ತು. ಆ ದಪ್ಪ ಕ್ಯಾಟಲಾಗನ್ನು ಕಂಪನಿ 1993ರಲ್ಲಿ ನಿಲ್ಲಿಸಿತು. ಅಮೆಜಾನ್ ಹುಟ್ಟಿದ್ದು 1994ರಲ್ಲಿ.

ನಾನು ಹೇಳುವುದು ಒಂದೇ: ಅಂಗಡಿ ದುಡಿದ ಹಣ ಅಂಗಡಿಗೆ ಮರಳಬೇಕು. 2005ರಲ್ಲಿ ಸಿಯರ್ಸ್ ಮತ್ತು ಕೆಮಾರ್ಟ್ ಎಂಬ ಇನ್ನೊಂದು ಅಂಗಡಿ ಸರಣಿ ಒಂದಾದವು. ಹಿಡಿತ ಹೂಡಿಕೆದಾರ ಎಡ್ಡಿ ಲ್ಯಾಂಪರ್ಟ್ ಅವರ ಕೈಯಲ್ಲಿತ್ತು. ಮುಂದೆ ಕಂಪನಿಯ ಸುಮಾರು 600 ಕೋಟಿ ಡಾಲರ್ ತನ್ನದೇ ಷೇರುಗಳ ಮರುಖರೀದಿಗೆ ಹೋಯಿತು. ಅಂಗಡಿಗಳಿಗೆ ಮಾತ್ರ ಸುಣ್ಣಬಣ್ಣಕ್ಕೂ ತತ್ವಾರ.

ಈ ಪ್ರಸಂಗವನ್ನಂತೂ ಹೇಳದೆ ಬಿಡಲಾರೆ. ಲ್ಯಾಂಪರ್ಟ್ ಕಂಪನಿಯನ್ನು ಮೂವತ್ತಕ್ಕೂ ಹೆಚ್ಚು ವಿಭಾಗಗಳಾಗಿ ಒಡೆದರು. ಪ್ರತಿ ವಿಭಾಗಕ್ಕೂ ಬೇರೆ ಅಧ್ಯಕ್ಷ, ಬೇರೆ ಲಾಭನಷ್ಟದ ಲೆಕ್ಕ. ಪೈಪೋಟಿಯಿಂದ ಎಲ್ಲರೂ ಚುರುಕಾಗುತ್ತಾರೆ ಎಂಬುದು ಅವರ ಸಿದ್ಧಾಂತ. ಆದದ್ದೇನು? ಫ್ರಿಜ್, ವಾಷಿಂಗ್ ಮೆಷಿನ್ ಮಾರುವ ವಿಭಾಗವು ಕಂಪನಿಯದೇ ಬ್ರ್ಯಾಂಡ್ ಆದ ಕೆನ್‌ಮೋರ್ ಮಾರಿದರೆ, ಕೆನ್‌ಮೋರ್ ವಿಭಾಗಕ್ಕೆ ಶುಲ್ಕ ತೆರಬೇಕು. ತೆರುವವರು ಯಾರು? ಹೊರಗಿನವರ ಸರಕೇ ಮುಂದಿನ ಸಾಲಿಗೆ ಬಂತು. ಜಾಹೀರಾತು ಪತ್ರಿಕೆಯ ಜಾಗಕ್ಕೂ ವಿಭಾಗಗಳು ಹಣ ಕಟ್ಟಬೇಕು; ಹೆಚ್ಚು ಕಟ್ಟಿದವರಿಗೆ ಒಳ್ಳೆಯ ಜಾಗ. ಹೀಗಾಗಿ ಒಮ್ಮೆ ತಾಯಂದಿರ ದಿನದ ಸಂಚಿಕೆಯ ಮುಖಪುಟದಲ್ಲಿ ಮೆರೆದದ್ದು ಹುಡುಗರ ಪುಟ್ಟ ಮೋಟಾರ್ ಬೈಕ್! ತಾಯಿಗೆ ಏನು ಕೊಡಿಸಲಿ ಎಂದು ಅದನ್ನು ತಿರುವಿದ ಗಿರಾಕಿಯ ಮುಖವನ್ನು ನೀವೇ ಊಹಿಸಿಕೊಳ್ಳಿ. ಒಂದೇ ಸೂರಿನಡಿ ಇದ್ದವರು ಒಬ್ಬರ ಜೇಬಿಗೆ ಒಬ್ಬರು ಕೈಹಾಕುತ್ತಿದ್ದರು. ಗಿರಾಕಿಯ ಕಡೆ ನೋಡುವವರೇ ಇರಲಿಲ್ಲ.

ಸಮಯ ಮುಗಿಯುತ್ತಿದೆ ಎಂದು ಇಲ್ಲಿ ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 2015ರಲ್ಲಿ 235 ಆಸ್ತಿಗಳನ್ನು ಸೆರಿಟೇಜ್ ಎಂಬ ಹೊಸ ಸಂಸ್ಥೆಗೆ ಮಾರಿ, ತನ್ನದೇ ಆಗಿದ್ದ ಬಹುತೇಕ ಮಳಿಗೆಗಳಲ್ಲಿ ಸಿಯರ್ಸ್ ಬಾಡಿಗೆಗೆ ಕುಳಿತಿತು. 2017ರಲ್ಲಿ ಕ್ರಾಫ್ಟ್ಸ್‌ಮನ್ ಎಂಬ ಹೆಸರಾಂತ ಉಪಕರಣಗಳ ಬ್ರ್ಯಾಂಡೂ ಕೈಬಿಟ್ಟಿತು. ಅಂಗಡಿಯ ಹಣ ಅಂಗಡಿಗೆ ಮರಳಲಿಲ್ಲ ಎಂದೆನಲ್ಲ, ಕೊನೆಗೆ ಅಂಗಡಿಗಳೇ ಉಳಿಯಲಿಲ್ಲ. ವಿಲೀನದ ಹೊತ್ತಿಗೆ ಎರಡೂ ಸೇರಿ ಸುಮಾರು 3,500 ಮಳಿಗೆಗಳಿದ್ದವು. 2018ರ ಅಕ್ಟೋಬರ್‌ನಲ್ಲಿ ದಿವಾಳಿ ಅರ್ಜಿ ಹಾಕುವಾಗ 700ರಷ್ಟು. ನಮಸ್ಕಾರ.