ಕಿಟಕಿ ಕಡೆ ತಿರುಗಿದ ಕಣ್ಣು

ಕೇಳುಗರಿಗೆ ನಮಸ್ಕಾರ.

ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು ನಾನು. ಹೆಚ್ಚು ಕಾಲ ದುಡಿದದ್ದು ಮೈಸೂರು–ಮಂಡ್ಯ ರೂಟಿನಲ್ಲೇ. ರಿಟೈರಾದ ಮೇಲೆ ಮತ್ತೆ ಪರೀಕ್ಷೆಗೆ ಕೂರುತ್ತೇನೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ. ಕೂರಿಸಿದವಳು ನನ್ನ ತಂಗಿ ಮಗಳು. ಮಾನಸಗಂಗೋತ್ರಿಯಲ್ಲಿ ಮನಃಶಾಸ್ತ್ರ ಓದುತ್ತಾಳೆ. ಯುಗಾದಿ ಮಾರನೆ ದಿನ, ಹೊಸತೊಡಕಿನ ಊಟ ಮುಗಿಸಿ ಮನೆಮಂದಿಯೆಲ್ಲ ಉರುಳಿಕೊಂಡಿದ್ದಾಗ ಮೊಬೈಲು ಹಿಡಿದು ಬಂದಳು.

"ಮಾವ, ನಿಮ್ಮ ಎಂಪಥಿ ಎಷ್ಟಿದೆ ನೋಡೋಣ ಬನ್ನಿ."

"ಅದೇನೇ, ಬೀಪಿ ಥರವಾ?"

"ಹೆಚ್ಚೂ ಕಮ್ಮಿ ಹಂಗೇ ಅಂದ್ಕೊಳಿ."

ಅವಳ ಪುಸ್ತಕದಲ್ಲಿ ಇದಕ್ಕೆ ಪರಾನುಭೂತಿ ಅಂತ ಇದೆಯಂತೆ. ನಮ್ಮವ್ವ ಇದ್ದಿದ್ದರೆ ಹೆಂಗರುಳು ಅನ್ನೋಳು. ಎಂಪಥಿ ಅನ್ನೋ ಇಂಗ್ಲಿಷ್ ಪದವೇ ಈಚಿನದು. ಟಿಚನರ್ ಎಂಬ ಮನಃಶಾಸ್ತ್ರಜ್ಞ 1909ರಲ್ಲಿ ಒಂದು ಜರ್ಮನ್ ಪದಕ್ಕೆ ಸಾಟಿಯಾಗಿ ಕಟ್ಟಿದ್ದು. ಚಿತ್ರವನ್ನೋ ಶಿಲ್ಪವನ್ನೋ ನೋಡುವಾಗ ಮನಸ್ಸು ಅದರೊಳಗೆ ಹೊಕ್ಕುಬಿಡುತ್ತದಲ್ಲ, ಆ ಜರ್ಮನ್ ಪದ ಮೊದಲು ಬಳಕೆಯಲ್ಲಿದ್ದದ್ದು ಅದಕ್ಕೆ.

ಹಾಗೆ ನೋಡಿದರೆ, ಮನಸ್ಸು ಅಳೆಯೋ ಮಾತನ್ನ ರೇಡಿಯೊದಲ್ಲಿ ಆಡೋಕೆ ನಮ್ಮ ಮೈಸೂರಿಗಿಂತ ತಕ್ಕ ಊರಿಲ್ಲ. 1935ರಲ್ಲಿ ಇಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರೊಫೆಸರು. ಆಮೇಲೆ ದೇಶದ ರೇಡಿಯೊಗೆಲ್ಲ ಆಕಾಶವಾಣಿ ಅಂತ ಹೆಸರಾಯಿತಲ್ಲ, ಅದು ಮೊದಲು ಆ ಮನೆಯ ನಿಲಯದ ಹೆಸರು.

ಇರಲಿ, ಪರೀಕ್ಷೆಗೆ ಬರೋಣ. ಒಟ್ಟು ಮೂರು ಕೊಟ್ಟಳು. ಮೊದಲನೆಯದು ಕೇಂಬ್ರಿಜ್‌ನ ಮನಃಶಾಸ್ತ್ರಜ್ಞ ಸೈಮನ್ ಬ್ಯಾರನ್-ಕೋಹೆನ್, ಸ್ಯಾಲಿ ವೀಲ್‌ರೈಟ್ ಸೇರಿ 2004ರಲ್ಲಿ ಪ್ರಕಟಿಸಿದ್ದು. ಒಟ್ಟು 60 ಹೇಳಿಕೆ. ಒಂದೊಂದಕ್ಕೂ ಖಂಡಿತ ಹೌದು, ಸ್ವಲ್ಪ ಹೌದು, ಸ್ವಲ್ಪ ಅಲ್ಲ, ಖಂಡಿತ ಅಲ್ಲ, ಹೀಗೆ ಒತ್ತುತ್ತಾ ಹೋಗಬೇಕು. ಅಂಕ ಇರೋದು 40ಕ್ಕೆ ಮಾತ್ರ. ಎಲ್ಲ ಬಂದರೆ 80. ಮಿಕ್ಕ 20 ನಮ್ಮ ಗಮನ ಬೇರೆ ಕಡೆ ಎಳೆಯೋಕೆ ಇಟ್ಟವು. ರಾತ್ರಿ ಕನಸು ಬೀಳುತ್ತಾ ಅಂತ ಒಂದಿತ್ತು. ಐದು ನಿಮಿಷ ತಲೆ ಕೆರೆದುಕೊಂಡೆ. ನೋಡಿದರೆ ಅದು ಲೆಕ್ಕಕ್ಕೇ ಇಲ್ಲದ್ದು!

ನನಗೆ 54 ಬಂತು. ಮೀಸೆ ತಿರುವಿದೆ. ಅಡುಗೆಮನೆಯಿಂದ ನಮ್ಮ ಮನೆಯವರು ಕೈ ಒರೆಸಿಕೊಳ್ಳುತ್ತಾ ಬಂದು, "ಎಲ್ಲಿ, ಇಲ್ಲಿ ಕೊಡಮ್ಮ, ಇವರ ವಿಷಯ ನಾನು ಹೇಳ್ತೀನಿ" ಅಂತ ಮೊಬೈಲು ಈಸಿಕೊಂಡರು. ಅವರು ಒತ್ತಿದ ಲೆಕ್ಕದಲ್ಲಿ ನನಗೆ 31. ಹುಡುಗಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಹೇಳಿದಳು, ಈ ಥರದ ಪ್ರಶ್ನೆಪಟ್ಟಿಗಳ ತೊಡಕೇ ಇದು ಅಂತ. ನಾವು ನಮ್ಮ ಬಗ್ಗೆ ಏನಂದುಕೊಂಡಿದ್ದೀವಿ ಅನ್ನೋದು ಇವುಗಳಿಂದ ಗೊತ್ತಾಗುತ್ತೆ. ಎದುರಿನವರ ಮನಸ್ಸನ್ನ ನಿಜಕ್ಕೂ ಎಷ್ಟು ಸರಿಯಾಗಿ ತಿಳೀತೀವಿ ಅನ್ನೋದಕ್ಕೂ ಇದಕ್ಕೂ ನಂಟು ತೀರಾ ತೆಳ್ಳಗೆ. ಇನ್ನೊಂದು ಮಾತು: ಇದು ಆಟಿಸಂ ಕುರಿತ ಸಂಶೋಧನೆಗಾಗಿ ಆದದ್ದು. ಅಂಕ ಕಮ್ಮಿ ಬಂತು ಅಂತ ಯಾರೂ ತಮಗೆ ತಾವೇ, ಮನೆ ಮಕ್ಕಳಿಗೇ ಆಗಲಿ, ಹಣೆಪಟ್ಟಿ ಅಂಟಿಸಬೇಡಿ.

ಎರಡನೆಯದು, ಅಮೆರಿಕದ ಮನಃಶಾಸ್ತ್ರಜ್ಞ ಮಾರ್ಕ್ ಡೇವಿಸ್ ಮಾಡಿದ 28 ಹೇಳಿಕೆಗಳ ಪಟ್ಟಿ, ನನಗೆ ಹೆಚ್ಚು ಹಿಡಿಸಿತು. ಅದು ಕರುಳನ್ನು ನಾಲ್ಕು ಎಳೆಯಾಗಿ ಬಿಡಿಸುತ್ತೆ. ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸೋದು, ಕಥೆಯ ಪಾತ್ರದೊಳಗೆ ಮುಳುಗೋದು, ಕಷ್ಟದಲ್ಲಿರೋರನ್ನ ಕಂಡು ಮರುಗೋದು, ಅವರ ಸಂಕಟ ಕಂಡು ತಾನೇ ಕಂಗೆಡೋದು. ಕಡೆಯ ಎರಡು ಒಂದೇ ಅಂದುಕೊಂಡಿದ್ದೆ. ಒಂದು ಸಲ ಗಣಂಗೂರಿನ ಹತ್ತಿರ ಬೈಕಿನವನು ಬಿದ್ದಿದ್ದ. ರಕ್ತ ಕಂಡ ನಮ್ಮ ಡ್ರೈವರಣ್ಣ, ಬಲು ಮೆದು ಮನಸ್ಸಿನವರು, ಸ್ಟೇರಿಂಗ್ ಮೇಲೆ ತಲೆಯಿಟ್ಟು ಕೂತೇಬಿಟ್ಟರು. ಚಿಲ್ಲರೆಗೆ ದಿನಾ ನನ್ನ ಹತ್ತಿರ ಜಗಳ ಕಾಯೋ ಬೆಲ್ಲದ ವ್ಯಾಪಾರಿ ಇಳಿದು, ತನ್ನ ಟವೆಲ್ ಹರಿದು ಗಾಯಕ್ಕೆ ಬಿಗಿದ. ಡೇವಿಸ್ ಪಟ್ಟಿಯಲ್ಲಿ ಅವರಿಬ್ಬರಿಗೂ ಬೇರೆ ಬೇರೆ ಕಾಲಂ.

ಇನ್ನು ಮೂರನೆಯದು, ಕಣ್ಣಿನ ಪರೀಕ್ಷೆ. ಇದೂ ಬ್ಯಾರನ್-ಕೋಹೆನ್ ತಂಡದ್ದೇ. 1997ರಲ್ಲಿ 25 ಚಿತ್ರ, ಒಂದೊಂದಕ್ಕೆ ಆರಿಸಿಕೊಳ್ಳೋಕೆ ಎರಡೇ ಪದ ಇದ್ದವು. 2001ರಲ್ಲಿ ತಿದ್ದಿ 36 ಚಿತ್ರ, ನಾಲ್ಕು ನಾಲ್ಕು ಪದ ಮಾಡಿದರು. ಪತ್ರಿಕೆಗಳಿಂದ ಆರಿಸಿದ ಕಪ್ಪು ಬಿಳುಪು ಮುಖಗಳು. ಹುಬ್ಬಿನಿಂದ ಮೂಗಿನ ಮೇಲ್ಭಾಗದವರೆಗೆ ಪಟ್ಟಿ ಥರ ಕತ್ತರಿಸಿದ್ದಾರೆ. ಬಾಯಿಲ್ಲ, ಗಲ್ಲ ಇಲ್ಲ. ಈ ಕಣ್ಣಿನವರ ಮನಸ್ಸಲ್ಲಿ ಏನಿದೆ ಹೇಳಿ ಅಂತ.

ಇದು ನನ್ನ ಕಸುಬಲ್ಲವೇ! ಸಬರ್ಬನ್ ಸ್ಟ್ಯಾಂಡ್ ಬಿಟ್ಟು ಸಿದ್ದಲಿಂಗಪುರ ದಾಟೋದರೊಳಗೆ ಅರವತ್ತು ಜೊತೆ ಕಣ್ಣು ಓದಿದವನು ನಾನು. ಯಾರ ಹತ್ತಿರ ಚಿಲ್ಲರೆ ಇದ್ದೂ ಇಲ್ಲ ಅಂತಾರೆ, ಯಾರು ಒಂದು ಸ್ಟೇಜ್ ಹಿಂದಕ್ಕೆ ಟಿಕೆಟ್ ತಗೊಂಡು ಮುಂದಕ್ಕೆ ಹೋಗ್ತಾರೆ, ಬಾಯಿ ಬಿಡೋ ಮುಂಚೆ ಗೊತ್ತಾಗೋದು. ಆದರೆ 36ಕ್ಕೆ ಬಂದದ್ದು 21. ಸಾಮಾನ್ಯ ಜನರ ಸರಾಸರಿಯೇ 26ರ ಆಸುಪಾಸು. ಕಣ್ಣು ಮುಚ್ಚಿ ಒತ್ತಿದ್ದರೂ 9 ಬರೋದು.

ಸಮಾಧಾನಕ್ಕೆ ನೆಪಗಳಿದ್ದವು. ಬಹುಪಾಲು ಬಿಳಿಯರ ಕಣ್ಣು. ಪದಗಳೂ ಇಂಗ್ಲಿಷಿನವು, ಹುಡುಗಿ ಒಂದೊಂದಕ್ಕೂ ಕನ್ನಡ ತಡಕಾಡುತ್ತಿದ್ದಳು. ಪೆಚ್ಚು, ಮಂಕು, ಮುನಿಸು, ಕಸಿವಿಸಿ, ಇರುಸುಮುರುಸು ಅಂತೆಲ್ಲ ನಮ್ಮಲ್ಲೇ ಎಷ್ಟಿವೆ, ಇವನ್ನು ಇಟ್ಟು ಮಂಡ್ಯದ ಸಂತೆಯಲ್ಲಿ ಫೋಟೊ ತೆಗೆದು ಮಾಡಲಿ ನೋಡೋಣ ಅಂದೆ. ಅವಳು ಮಾತಾಡದೆ ನಾನು ತಪ್ಪಿದ 15ನ್ನು ಮತ್ತೆ ತೆಗೆದು ತೋರಿಸಿದಳು. "ಮಾವ, ಅಂಕ ಹೋಗ್ಲಿ. ತಪ್ಪು ನೋಡಿ. ಹನ್ನೊಂದರಲ್ಲಿ ನೀವು ಸಿಟ್ಟು, ಹಗೆ, ತಪ್ಪು ಮಾಡಿದ ಅಳುಕು, ಇಂಥ ಪದವನ್ನೇ ಒತ್ತಿದ್ದೀರ."

ಯಾರೋ ಯೋಚನೆಯಲ್ಲಿದ್ದಾರೆ, ನಾನು ಹಗೆ ಅಂದಿದ್ದೇನೆ. ಯಾರೋ ಕಳವಳದಲ್ಲಿದ್ದಾರೆ, ಅದಕ್ಕೂ ಏನೋ ತಪ್ಪು ಮಾಡಿದ್ದಾನೆ ಅಂದಿದ್ದೇನೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಒಬ್ಬ ಹುಡುಗ ನೆನಪಾದ. ಸಂಜೆ ಟ್ರಿಪ್ಪು, ಬಸ್ಸು ತುಂಬಿ ತುಳುಕುತ್ತಿತ್ತು. ಕಳಸ್ತವಾಡಿ ದಾಟಿದ್ದೆವು. ಹಿಂದಿನಿಂದ ಮೂರನೇ ಸೀಟು. ನಾನು ಹತ್ತಿರ ಬಂದದ್ದೇ ಕಿಟಕಿ ಕಡೆ ತಿರುಗಿಕೊಂಡ. ಕಿಟಕಿ ಕಡೆ ತಿರುಗಿದೋನು ಟಿಕೆಟ್ ಇಲ್ಲದೋನು, ನಮ್ಮ ಲೆಕ್ಕ ಅದು. "ಏನಪ್ಪಾ, ಕಾವೇರಿ ಬರೋಕೆ ಇನ್ನೂ ಹೊತ್ತೈತೆ. ಈ ಕಡೆ ತಿರುಗು, ಟಿಕೆಟ್ ಎಲ್ಲಿ?" ಅಂದೆ, ಎಲ್ಲರಿಗೂ ಕೇಳಿಸೋ ಹಾಗೆ. ಬಸ್ಸೆಲ್ಲ ನಕ್ಕಿತು. ಅವನು ತಿರುಗದೇನೇ ಮುಷ್ಟಿ ಬಿಚ್ಚಿದ. ಬೀಡಿಯ ಹಾಗೆ ಸುರುಳಿ ಸುತ್ತಿದ ಟಿಕೆಟ್ಟು, ಬೆವರಿಗೆ ನೆಂದುಹೋಗಿತ್ತು. ಸ್ಟ್ಯಾಂಡಿನಲ್ಲಿ ನಾನೇ ಹರಿದು ಕೊಟ್ಟದ್ದು. ಬಿಡಿಸಿ ನೋಡಿದೆ, ಬಾಬುರಾಯನಕೊಪ್ಪಲಿನವರೆಗೆ ಸರಿಯಾಗಿತ್ತು. ತೊಡೆಯ ಮೇಲೆ ದೊಡ್ಡಾಸ್ಪತ್ರೆಯ ಎಕ್ಸ್-ರೇ ಕವರು, ಅದರ ಮೇಲೆ ಮಡಿಸಿಟ್ಟ ಹೆಂಗಸರ ಸ್ವೆಟರು.

ಟಿಕೆಟ್ಟನ್ನು ಅವನ ಅಂಗೈಗೆ ವಾಪಸ್ ಇಟ್ಟು, "ಶ್ರೀರಂಗಪಟ್ಟಣ ಯಾರ್ರೀ, ಮುಂದಕ್ಕೆ ಬನ್ನಿ" ಅಂತ ಕೂಗುತ್ತಾ ನಾನು ಮುಂದಕ್ಕೆ ಹೋದೆ.